ತೂಕದ ಹೊತ್ತಿನಲ್ಲಿ ಜಾರಿದ ಅಂಕಿ: ನೆನಪು ಎಲ್ಲಿ ಕೈಕೊಡುತ್ತದೆ?

ಜನವರಿಯ ಒಂದು ಸಂಜೆ ಕೊಡಗಿನ ಯಾವುದಾದರೂ ರೊಬಸ್ಟಾ ತೋಟದ ಕಣದಲ್ಲಿ ಹೋಗಿ ನಿಂತರೆ ನೆನಪಿನ ಪ್ರಯೋಗವೊಂದನ್ನು ಕಾಸು ಖರ್ಚಿಲ್ಲದೆ ನೋಡಬಹುದು. ಕೊಯ್ದ ಹಣ್ಣಿನ ಚೀಲಗಳು ಒಂದೊಂದಾಗಿ ತಕ್ಕಡಿಗೆ ಬರುತ್ತವೆ. ಮೇಸ್ತ್ರಿ ಮುಳ್ಳು ನೋಡಿ "ಜಾನಕಿ, ಅರವತ್ತೆಂಟೂವರೆ" ಎಂದು ಕೂಗುತ್ತಾರೆ. ರೈಟರ್ ಪುಸ್ತಕದಲ್ಲಿ ಜಾನಕಿಯ ಸಾಲು ಹುಡುಕುತ್ತಿರುವಾಗಲೇ ಹಿಂದಿನಿಂದ ಇನ್ನೊಬ್ಬಳು, "ರೈಟರೇ, ನಿನ್ನೆ ನಂದು ಎಷ್ಟು ಬರ್ದಿದ್ರಿ?" ಎನ್ನುತ್ತಾಳೆ. ಅವರು ಹಿಂದಿನ ಪುಟ ತಿರುವಿ "ಐವತ್ತೊಂಬತ್ತು" ಎಂದು ಹೇಳಿ ಮತ್ತೆ ಜಾನಕಿಯ ಸಾಲಿಗೆ ಬಂದರೆ ಅಂಕಿ ಇಲ್ಲ. ಅರವತ್ತೆಂಟೋ, ಅರವತ್ತೊಂಬತ್ತೋ? ಚೀಲವನ್ನು ಆಗಲೇ ಸುರಿದಾಗಿದೆ. ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ ಅರ್ಧ ಕಿಲೋ ಆಚೀಚೆಯಾದರೂ ಜಗಳಕ್ಕೆ ಅಷ್ಟು ಸಾಕು.

ರೈಟರ್ "ಮರೆತುಹೋಯ್ತು" ಎನ್ನುತ್ತಾರೆ. ಬೀಗದ ಕೈ ಎಲ್ಲಿಟ್ಟೆನೆಂದು ಮನೆಯೆಲ್ಲ ಹುಡುಕುವ ಅಜ್ಜಿಯೂ ಅದೇ ಮಾತು ಹೇಳುತ್ತಾರೆ. ನಿನ್ನೆ ರಾತ್ರಿ ಓದಿದ ಉತ್ತರವನ್ನು ಪರೀಕ್ಷೆಯಲ್ಲಿ ಬರೆಯಲಾಗದೆ ಬಂದ ಹುಡುಗನೂ ಅದನ್ನೇ ಹೇಳುತ್ತಾನೆ. ಮಾತು ಒಂದೇ ಆದರೂ ರೋಗ ಮೂರು. ರೈಟರ್ ಕೈಯಲ್ಲಿದ್ದ ಅಂಕಿ ಜಾರಿತು. ಅಜ್ಜಿಗೆ ಬೀಗದ ಕೈಯ ಸಂಗತಿ ತಲೆಯೊಳಗೆ ಹೋಗಿಯೇ ಇರಲಿಲ್ಲ. ಹುಡುಗನಿಗೆ ಒಳಗೆ ಇದೆ, ಹೊರಗೆ ಬರುತ್ತಿಲ್ಲ. ಪಂಪ್ ನೀರು ಎತ್ತದಿದ್ದಾಗ ಫುಟ್‌ವಾಲ್ವ್ ಸೋರುತ್ತಿದೆಯೋ, ಪೈಪ್ ಒಡೆದಿದೆಯೋ, ಗೇಟ್‌ವಾಲ್ವ್ ಮುಚ್ಚಿದೆಯೋ ಎಂದು ನೋಡದೆ ಯಾರೂ ಮೋಟಾರ್ ಬಿಚ್ಚಲು ಕೂರುವುದಿಲ್ಲ. ನೆನಪಿನ ವಿಷಯದಲ್ಲಿ ಮಾತ್ರ ಎಲ್ಲದಕ್ಕೂ ಬ್ರಾಹ್ಮಿ ಸೊಪ್ಪೊಂದೇ ಮದ್ದು ಎಂದುಕೊಂಡಿದ್ದೇವೆ. ಮನಶ್ಶಾಸ್ತ್ರದ ಪಠ್ಯಗಳು ಈ ಮೂರು ಹಂತಗಳನ್ನು ಸಂಕೇತೀಕರಣ (ಒಳಗೆ ಹೋಗುವುದು), ಸಂಗ್ರಹಣೆ (ಒಳಗೆ ಉಳಿಯುವುದು), ಮರುಪಡೆಯುವಿಕೆ (ಹೊರಗೆ ಬರುವುದು) ಎಂದು ಕರೆಯುತ್ತವೆ. ಹೆಸರು ಭಾರ, ವಿಂಗಡಣೆ ಮಾತ್ರ ಬಹಳ ಉಪಯೋಗದ್ದು.

ಎಲ್ಲಕ್ಕಿಂತ ಮೊದಲ ಹಂತ ಎಷ್ಟು ಚಿಕ್ಕದೆಂದರೆ ಅದನ್ನು ನೆನಪು ಎನ್ನಲೂ ಮನಸ್ಸು ಬರುವುದಿಲ್ಲ. ಕತ್ತಲಲ್ಲಿ ಕೊಳ್ಳಿಯನ್ನು ಗಿರಗಿರನೆ ತಿರುಗಿಸಿದರೆ ಬೆಂಕಿಯ ಬಳೆ ಕಾಣುತ್ತದೆ. ನಮ್ಮ ಹಿಂದಿನವರು ಅದನ್ನು ಅಲಾತಚಕ್ರ ಎಂದು ಕರೆದು ವೇದಾಂತಕ್ಕೂ ಬಳಸಿಕೊಂಡರು. ಕೊಳ್ಳಿ ಮುಂದೆ ಹೋದರೂ ಅದರ ಗುರುತು ಕಣ್ಣಿನ ಹಾದಿಯಲ್ಲಿ ಕ್ಷಣಕಾಲ ಉಳಿದಿರುತ್ತದೆ. 1960ರಲ್ಲಿ ಜಾರ್ಜ್ ಸ್ಪರ್ಲಿಂಗ್ ಈ ಉಳಿಕೆಯನ್ನು ಅಳೆದರು. ಸಾಲಿಗೆ ನಾಲ್ಕರಂತೆ ಮೂರು ಸಾಲು ಅಕ್ಷರಗಳನ್ನು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಹೊತ್ತು ತೋರಿಸಿದರು. ಕಂಡದ್ದನ್ನೆಲ್ಲ ಹೇಳಿ ಎಂದಾಗ ಜನ ನಾಲ್ಕೈದು ಹೇಳಿ ನಿಲ್ಲಿಸಿದರು. ಆಮೇಲೆ ಒಂದು ಉಪಾಯ ಮಾಡಿದರು: ಅಕ್ಷರಗಳು ಮಾಯವಾದ ಮೇಲೆ ಒಂದು ಸ್ವರ ಕೇಳಿಸಿ, ಸ್ವರ ಏರಿದ್ದರೆ ಮೇಲಿನ ಸಾಲು, ಮಧ್ಯಮವಾಗಿದ್ದರೆ ನಡುವಿನ ಸಾಲು, ಇಳಿದಿದ್ದರೆ ಕೆಳಗಿನ ಸಾಲು ಮಾತ್ರ ಹೇಳಿ ಎಂದರು. ಆಗ ಯಾವ ಸಾಲು ಕೇಳಿದರೂ ಸುಮಾರು ಮೂರು ಅಕ್ಷರ ಬಂದವು. ಯಾವ ಸಾಲು ಕೇಳುತ್ತಾರೆಂದು ಮೊದಲೇ ಗೊತ್ತಿರಲಿಲ್ಲವಾದ್ದರಿಂದ ಒಂಬತ್ತು ಅಕ್ಷರಗಳಾದರೂ ಆ ಹೊತ್ತಿಗೆ ತಲೆಯಲ್ಲಿದ್ದವೆಂದೇ ಲೆಕ್ಕ. ಸ್ವರ ಒಂದು ಸೆಕೆಂಡ್ ತಡವಾದರೆ ಈ ಲಾಭವೆಲ್ಲ ಮಾಯ.

ಕಿವಿಯ ಉಳಿಕೆ ಇನ್ನೂ ಕೆಲವು ಸೆಕೆಂಡ್ ಬಾಳುತ್ತದೆ. ಪೇಪರ್ ಓದುತ್ತಿರುವವರನ್ನು ಮಾತಾಡಿಸಿದರೆ "ಆಂ?" ಎಂದು ಕೇಳಿ, ನಾವು ಮತ್ತೆ ಹೇಳುವ ಮೊದಲೇ ಉತ್ತರ ಕೊಟ್ಟುಬಿಡುತ್ತಾರಲ್ಲ, ಅದು ಇದರಿಂದಲೇ.

ಈ ಉಳಿಕೆಯಲ್ಲಿ ಗಮನ ಬಿದ್ದಷ್ಟು ಮಾತ್ರ ಮುಂದಿನ ಹಂತಕ್ಕೆ ಹೋಗುತ್ತದೆ. ರೈಟರ್ ಕೈಕೊಟ್ಟದ್ದು ಈ ಹಂತದಲ್ಲೇ, ಅಂದರೆ ಅಲ್ಪಾವಧಿ ಸ್ಮೃತಿಯಲ್ಲಿ. 1959ರಲ್ಲಿ ಲಾಯ್ಡ್ ಮತ್ತು ಮಾರ್ಗರೆಟ್ ಪೀಟರ್ಸನ್ ದಂಪತಿ ಮೂರೇ ಮೂರು ವ್ಯಂಜನ ಹೇಳಿ, ಕೂಡಲೇ ಒಂದು ದೊಡ್ಡ ಸಂಖ್ಯೆಯಿಂದ ಮೂರು ಮೂರು ಕಳೆಯುತ್ತಾ ಹೋಗಲು ಹೇಳಿದರು. ಒಳಗೊಳಗೇ ಜಪಿಸಿಕೊಳ್ಳಲು ಬಿಡುವು ಸಿಗಬಾರದೆಂಬುದೇ ಅದರ ಉದ್ದೇಶ. 18 ಸೆಕೆಂಡ್ ಆಗುವಷ್ಟರಲ್ಲಿ ಹತ್ತರಲ್ಲಿ ಸುಮಾರು ಒಂದು ಸಲ ಮಾತ್ರ ಸರಿ ಉತ್ತರ ಬಂತು. ನಿನ್ನೆಯ ಪುಟ ತಿರುವಿ "ಐವತ್ತೊಂಬತ್ತು" ಎನ್ನಲು ರೈಟರಿಗೆ ಅಷ್ಟೂ ಹೊತ್ತು ಬೇಡ. ಸಾಲದ್ದಕ್ಕೆ ಅವರ ಬಾಯಿಗೆ ಬಂದದ್ದು ಇನ್ನೊಂದು ಅಂಕಿ. ಅಂಕಿಗೆ ಅಂಕಿಯೇ ದೊಡ್ಡ ಶತ್ರು. ಅವಳು ಮಳೆಯ ಬಗ್ಗೆ ಕೇಳಿದ್ದರೆ ಅರವತ್ತೆಂಟೂವರೆ ಉಳಿಯುವ ಸಾಧ್ಯತೆ ಹೆಚ್ಚಿರುತ್ತಿತ್ತು.

ಈ ಜಾಗದಲ್ಲಿ ಎಷ್ಟು ಹಿಡಿಯುತ್ತದೆ? ಜಾರ್ಜ್ ಮಿಲ್ಲರ್ 1956ರಲ್ಲಿ ಏಳು, ಅದಕ್ಕೆ ಎರಡು ಹೆಚ್ಚು ಅಥವಾ ಎರಡು ಕಡಿಮೆ ಎಂದರು. ಆ ಮಾತು ಲೋಕಪ್ರಸಿದ್ಧವಾಯಿತು. ಜಪಕ್ಕೂ ಜೋಡಣೆಗೂ ಅವಕಾಶ ಕೊಡದೆ ಅಳೆದರೆ ಸುಮಾರು ನಾಲ್ಕೇ ಎಂದು 2001ರಲ್ಲಿ ನೆಲ್ಸನ್ ಕೊವಾನ್ ತೋರಿಸಿದರು. ನಾಲ್ಕು ಏನು ಎಂಬಲ್ಲಿ ಸ್ವಾರಸ್ಯವಿದೆ. 08272 ಎಂಬುದು ಬೀದರ್‌ನವರಿಗೆ ಐದು ಅಂಕಿ, ಮಡಿಕೇರಿಯವರಿಗೆ ಒಂದೇ ತುಂಡು, ತಮ್ಮೂರಿನ ಎಸ್‌ಟಿಡಿ ಕೋಡ್. ಕೆಎ 12 ಎಂಬ ನಂಬರ್ ಪ್ಲೇಟೂ ಹಾಗೆಯೇ. ಹಳೆಯ ಜ್ಞಾನ ಹೊಸ ಅಂಕಿಗಳನ್ನು ಕಟ್ಟು ಕಟ್ಟಿಕೊಡುತ್ತದೆ. ಜಾಗ ಹಿಗ್ಗುವುದಿಲ್ಲ, ಒಂದೊಂದು ಕಟ್ಟಿನೊಳಗೆ ಹಿಡಿಯುವ ಸರಕು ಹಿಗ್ಗುತ್ತದೆ. ಚೆಸ್ ಪಟುಗಳ ಮೇಲೆ 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಇದನ್ನೇ ಕಂಡರು: ನಿಜವಾದ ಆಟದ ಮಧ್ಯದ ಮಣೆಯನ್ನು ಐದು ಸೆಕೆಂಡ್ ತೋರಿಸಿದರೆ ನುರಿತವರು ಹೊಸಬರಿಗಿಂತ ಬಹಳ ಹೆಚ್ಚು ಕಾಯಿಗಳನ್ನು ಸರಿಯಾಗಿ ಇಟ್ಟರು. ಕಾಯಿಗಳನ್ನು ಮನಬಂದಂತೆ ಹರಡಿ ತೋರಿಸಿದಾಗ ಆ ಹೆಚ್ಚುಗಾರಿಕೆ ಹೆಚ್ಚುಕಡಿಮೆ ಇಲ್ಲವಾಯಿತು.

1974ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಈ ಜಾಗವನ್ನು ಬರೀ ಗೋದಾಮಿನಂತೆ ನೋಡದೆ ಕೆಲಸದ ಮೇಜಿನಂತೆ ನೋಡಿದರು. ಮೇಜಿನ ಒಂದು ಬದಿಯಲ್ಲಿ ಮಾತು ಸುತ್ತುತ್ತಿರುತ್ತದೆ, ಇನ್ನೊಂದು ಬದಿಯಲ್ಲಿ ಚಿತ್ರ ಮತ್ತು ಜಾಗದ ಲೆಕ್ಕ. ಎರಡರ ಮೇಲೂ ಗಮನ ಹಂಚುವ ಯಜಮಾನ ಒಬ್ಬನೇ. ಮಾತಿನ ಸುತ್ತಿನಲ್ಲಿ ಸುಮಾರು ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದಾದಷ್ಟು ಮಾತ್ರ ಹಿಡಿಯುತ್ತದೆ. ಉದ್ದ ಪದಗಳಾದರೆ ಕಡಿಮೆ, ಗಿಡ್ಡ ಪದಗಳಾದರೆ ಹೆಚ್ಚು. ಕನ್ನಡದ ಒಂದರಿಂದ ಒಂಬತ್ತರವರೆಗಿನ ಅಂಕಿಗಳಲ್ಲಿ ಏಕಾಕ್ಷರಿ ಒಂದೂ ಇಲ್ಲ, ಎಲ್ಲಕ್ಕೂ ಎರಡು ಅಥವಾ ಮೂರು ಅಕ್ಷರ. ಮನೆಯಲ್ಲಿ ಅಪ್ಪಟ ಕನ್ನಡ ಆಡುವವರೂ ಫೋನ್ ನಂಬರ್ ಮಾತ್ರ "ನೈನ್ ಫೋರ್ ಎಯ್ಟ್" ಎಂದು ಹೇಳುವುದಕ್ಕೆ ಫ್ಯಾಷನ್ ಒಂದೇ ಕಾರಣವಿರಲಾರದು. ವೇಲ್ಸ್‌ನಲ್ಲಿ ಇಂಥದ್ದನ್ನು ಅಳೆದೂ ನೋಡಿದ್ದಾರೆ. ಎರಡೂ ಭಾಷೆ ಬಲ್ಲವರು ಉಚ್ಚಾರಕ್ಕೆ ಹೆಚ್ಚು ಹೊತ್ತು ಹಿಡಿಯುವ ವೆಲ್ಷ್ ಅಂಕಿಗಳನ್ನು ಇಂಗ್ಲಿಷ್ ಅಂಕಿಗಳಿಗಿಂತ ಕಡಿಮೆ ನೆನಪಿಟ್ಟರು.

ಎರಡು ಬದಿ ಬೇರೆ ಬೇರೆಯಾದ್ದರಿಂದ ರಸ್ತೆ ನೇರವಾಗಿದ್ದಾಗ ಡ್ರೈವರ್ ಮಾತಾಡುತ್ತಾ ಹೋಗುತ್ತಾರೆ. ಸಂಪಾಜೆ ಘಾಟಿಯ ತಿರುವಿನಲ್ಲಿ ಎದುರಿಗೆ ಲಾರಿ ಬಂದರೆ ವಾಕ್ಯದ ಮಧ್ಯದಲ್ಲೇ ಬಾಯಿ ನಿಲ್ಲುತ್ತದೆ. ಯಜಮಾನನಿಗೆ ಎರಡು ಕಡೆ ನೋಡಲು ಪುರುಸೊತ್ತಿಲ್ಲ.

ತಕ್ಕಡಿಯ ಹತ್ತಿರದ ಜಗಳಕ್ಕೆ ಪರಿಹಾರ ಇಲ್ಲಿಂದಲೇ ಸಿಗುತ್ತದೆ. ಮೇಸ್ತ್ರಿ ಮೊದಲು ಹೆಸರು ಮಾತ್ರ ಕೂಗಬೇಕು. ರೈಟರ್ ಸಾಲು ಹುಡುಕಿ ಪೆನ್ನು ಇಟ್ಟು "ಹ್ಞಾಂ" ಎಂದ ಮೇಲೆ ತೂಕ ಹೇಳಬೇಕು. ರೈಟರ್ ಅದನ್ನು ಗಟ್ಟಿಯಾಗಿ ತಿರುಗಿ ಹೇಳುತ್ತಲೇ ಬರೆಯಬೇಕು. ಪೆನ್ನು ಮೇಲೇಳುವ ತನಕ ಚೀಲ ಕೊಕ್ಕೆಯಿಂದ ಇಳಿಯಬಾರದು. ಹೀಗೆ ಮಾಡಿದರೆ ಅಂಕಿ ತಲೆಯಲ್ಲಿ ಇರಬೇಕಾದದ್ದು ಎರಡೇ ಸೆಕೆಂಡ್.

ಇನ್ನು ಅಜ್ಜಿಯ ಬೀಗದ ಕೈ. ನಿಮ್ಮ ಜೇಬಿನಲ್ಲಿ ಹೊಸ ಸರಣಿಯ 50 ರೂಪಾಯಿ ನೋಟಿದ್ದರೆ ಅದನ್ನು ತೆಗೆಯದೆ ಹಿಂಬದಿಯಲ್ಲಿ ಏನಿದೆ ಎಂದು ಹೇಳಿ ನೋಡಿ. ಹಂಪಿಯ ಕಲ್ಲಿನ ರಥ. ನಮ್ಮದೇ ರಾಜ್ಯದ್ದು, ದಿನವೂ ಕೈಯಲ್ಲಿ ಆಡಿದ್ದು, ಆದರೂ ತಡವರಿಸಿದವರು ಕಡಿಮೆ ಇರಲಾರರು. ನೂರು ಸಲ ನೋಡಿದರೂ ಒಳಗೆ ಹೋಗದಿರಲು ಕಾರಣ, ನೋಟನ್ನು ಗುರುತಿಸಲು ಬಣ್ಣ ಮತ್ತು ಅಂಕಿ ಸಾಕು, ರಥ ಬೇಕಿಲ್ಲ. ಬರೀ ಪುನರಾವರ್ತನೆ ನೆನಪನ್ನು ಕಟ್ಟುವುದಿಲ್ಲ. ವಿಷಯದೊಂದಿಗೆ ಮನಸ್ಸು ಏನು ಮಾಡಿತು ಎಂಬುದೇ ಮುಖ್ಯ ಎಂದು ಫರ್ಗಸ್ ಕ್ರೇಕ್ ಮತ್ತು ರಾಬರ್ಟ್ ಲಾಕ್‌ಹಾರ್ಟ್ 1972ರಲ್ಲಿ ವಾದಿಸಿದರು. ಮೂರು ವರ್ಷದ ನಂತರ ಕ್ರೇಕ್ ಮತ್ತು ಎಂಡೆಲ್ ಟುಲ್ವಿಂಗ್ ಪರೀಕ್ಷಿಸಿದ ರೀತಿಯನ್ನು ಕನ್ನಡಕ್ಕೆ ಒಗ್ಗಿಸಿದರೆ ಹೀಗಿರುತ್ತದೆ: ಏಲಕ್ಕಿ ಎಂಬ ಪದ ತೋರಿಸಿ ಒಬ್ಬರಿಗೆ "ಇದರಲ್ಲಿ ಒತ್ತಕ್ಷರ ಇದೆಯೇ?" ಎಂದು ಕೇಳುವುದು, ಇನ್ನೊಬ್ಬರಿಗೆ "ಇದು ಚುಕ್ಕಿಗೆ ಪ್ರಾಸವೇ?" ಎಂದು, ಮತ್ತೊಬ್ಬರಿಗೆ "ಇದನ್ನು ಪಾಯಸಕ್ಕೆ ಹಾಕುತ್ತಾರೆಯೇ?" ಎಂದು. ನೆನಪಿಡಿ ಎಂದು ಯಾರಿಗೂ ಹೇಳುವುದಿಲ್ಲ. ಆಮೇಲೆ ದಿಢೀರನೆ ಪರೀಕ್ಷೆ ಕೊಟ್ಟರೆ ಪಾಯಸದ ಪ್ರಶ್ನೆ ಕೇಳಿಸಿಕೊಂಡವರೇ ಮುಂದೆ. ಅರ್ಥದ ತನಕ ಹೋದದ್ದು ಉಳಿಯಿತು.

ಅಜ್ಜಿ ಬಾಗಿಲು ತೆಗೆಯುವಾಗ ಅವರ ಗಮನವೆಲ್ಲ ಒಲೆಯ ಮೇಲಿನ ಹಾಲಿನ ಮೇಲಿತ್ತು. ಬೀಗದ ಕೈಯನ್ನು ಕೈ ಇಟ್ಟಿತು, ಮನಸ್ಸು ಅದನ್ನು ಬರೆದುಕೊಳ್ಳಲಿಲ್ಲ. ಹುಡುಕಲು ಅಲ್ಲಿ ನೆನಪೇ ಇಲ್ಲ. ಇಡುವಾಗ "ಅಕ್ಕಿ ಡಬ್ಬದ ಮೇಲೆ" ಎಂದು ಬಾಯಿಬಿಟ್ಟು ಹೇಳುವುದು ಅಥವಾ ಒಂದೇ ಮೊಳೆಗೆ ದಿನಾ ನೇತುಹಾಕುವುದು ಇದಕ್ಕೆ ಮದ್ದು. ಎರಡನೆಯದೇ ಮೇಲು, ಅದಕ್ಕೆ ನೆನಪೇ ಬೇಡ.

ಒಳಗೆ ಹೋದದ್ದು ಎಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಗೆ ದಾರಿ ತೋರಿದ್ದು ಒಬ್ಬ ಮನುಷ್ಯನ ದುರ್ದೈವ. ಅಮೆರಿಕದ ಹೆನ್ರಿ ಮೊಲೈಸನ್‌ಗೆ ಮೂರ್ಛೆರೋಗ ತೀವ್ರವಾಗಿತ್ತು. 1953ರಲ್ಲಿ, 27ನೇ ವಯಸ್ಸಿನಲ್ಲಿ, ಮಿದುಳಿನ ಎರಡೂ ಬದಿಯಲ್ಲಿರುವ ಹಿಪ್ಪೊಕ್ಯಾಂಪಸ್ ಎಂಬ ಅಂಗದ ದೊಡ್ಡ ಪಾಲನ್ನು ಸುತ್ತಲಿನ ಭಾಗದೊಂದಿಗೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದರು. ರೋಗ ಇಳಿಯಿತು. ಅದರ ಜೊತೆಗೇ ಹೊಸ ನೆನಪು ಕಟ್ಟುವ ಶಕ್ತಿಯೂ ಹೋಯಿತು. 2008ರಲ್ಲಿ ತೀರಿಕೊಳ್ಳುವವರೆಗೂ ಅವರು ಐದು ನಿಮಿಷದ ಹಿಂದೆ ಮಾತಾಡಿಸಿದವರನ್ನು ಹೊಸಬರಂತೆ ನೋಡುತ್ತಿದ್ದರು. ಬಾಲ್ಯ ನೆನಪಿತ್ತು, ಬುದ್ಧಿ ಚುರುಕಾಗಿತ್ತು, ಹೇಳಿದ ಅಂಕಿಗಳನ್ನು ಕೂಡಲೇ ತಿರುಗಿ ಹೇಳುತ್ತಿದ್ದರು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಹೆನ್ರಿಗೆ ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ಮಾಡಿದವರಿಗೆ ಗೊತ್ತು, ಮೊದಲ ಸಲ ಪೆನ್ಸಿಲ್ ಹುಚ್ಚಾಪಟ್ಟೆ ಓಡುತ್ತದೆ. ಹೆನ್ರಿಯ ಕೈ ದಿನದಿಂದ ದಿನಕ್ಕೆ ಪಳಗಿತು. ಆದರೆ ಪ್ರತಿ ದಿನವೂ ಅವರ ಮಟ್ಟಿಗೆ ಅದು ಮೊದಲ ಸಲ. ಹೇಳಬಲ್ಲ ನೆನಪು ಒಂದು, ಮಾಡಬಲ್ಲ ನೆನಪು ಇನ್ನೊಂದು, ಎರಡರ ವ್ಯವಸ್ಥೆಯೂ ಬೇರೆ ಎಂಬುದು ಅಲ್ಲಿ ಖಚಿತವಾಯಿತು.

ಕಡಂಬುಟ್ಟು ಕಟ್ಟುವುದನ್ನು ನೋಡಿದವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಬೆಂದ ಅಕ್ಕಿತರಿ ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ಬಿರುಕಿಲ್ಲದ ಉಂಡೆ ಕಟ್ಟಿ ಹಬೆಗೆ ಇಡಬೇಕು. ತರಿಯ ಹದ ಹೇಗಿರಬೇಕು ಎಂದು ಅಡಿಗೆ ಮಾಡುವವರನ್ನು ಕೇಳಿದರೆ, "ಹೇಳೋಕೆ ಬರಲ್ಲ, ಕೈಗೆ ಗೊತ್ತಾಗುತ್ತೆ" ಎನ್ನುತ್ತಾರೆ. ಅದು ಮಾಡಬಲ್ಲ ನೆನಪು. ಹೇಳಬಲ್ಲ ನೆನಪನ್ನು ಟುಲ್ವಿಂಗ್ 1972ರಲ್ಲಿ ಮತ್ತೆ ಎರಡಾಗಿ ಒಡೆದರು. ಕಾವೇರಿ ತಲಕಾವೇರಿಯಲ್ಲಿ ಹುಟ್ಟುತ್ತಾಳೆ ಎಂಬುದು ಬರೀ ತಿಳಿವಳಿಕೆ, ಅದನ್ನು ಯಾವಾಗ ಕಲಿತಿರಿ ಎಂದು ನೆನಪಿರುವುದಿಲ್ಲ. ಒಂದು ತುಲಾ ಸಂಕ್ರಮಣದ ದಿನ ಅಲ್ಲಿ ಚಳಿಗೆ ನಡುಗುತ್ತಾ ಸಾಲಿನಲ್ಲಿ ನಿಂತದ್ದು ಅನುಭವದ ನೆನಪು, ಅದಕ್ಕೆ ದಿನ, ಜಾಗ, ಜೊತೆಗಾರರು ಎಲ್ಲ ಅಂಟಿಕೊಂಡಿರುತ್ತವೆ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಸಡಿಲವಾಗುವುದು ಈ ಎರಡನೆಯದು.

ಜೀವಕೋಶದ ಮಟ್ಟದಲ್ಲಿ ನೆನಪು ಎಂದರೆ ನರಕೋಶಗಳ ನಡುವಿನ ಸಂಧಿಗಳ ಬಲ ಬದಲಾಗುವುದು. 1973ರಲ್ಲಿ ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ ಮೊಲದ ಹಿಪ್ಪೊಕ್ಯಾಂಪಸ್‌ಗೆ ಬಿರುಸಾದ ವಿದ್ಯುತ್ ಮಿಡಿತಗಳನ್ನು ಕೊಟ್ಟಾಗ ಸಂಧಿಗಳು ಗಂಟೆಗಟ್ಟಲೆ ಗಟ್ಟಿಯಾಗಿ ಉಳಿದವು. ಹೊಸ ನೆನಪು ಮೊದಲು ಹಿಪ್ಪೊಕ್ಯಾಂಪಸ್‌ನ ಆಸರೆಯಲ್ಲಿದ್ದು, ಕಾಲ ಕಳೆದಂತೆ ಮಿದುಳಿನ ಹೊರಪದರಕ್ಕೆ ಹರಡಿ ನೆಲೆಗೊಳ್ಳುತ್ತದೆ. ನಿದ್ದೆಯಲ್ಲಿ ಈ ಕೆಲಸ ನಡೆಯುತ್ತದೆ. ಓಡಾಡುವಾಗ ಇಲಿಯ ಮಿದುಳಿನಲ್ಲಿ ಒಟ್ಟಿಗೆ ಮಿಡಿದ ಕೋಶಗಳು ಆಮೇಲಿನ ಗಾಢ ನಿದ್ದೆಯಲ್ಲೂ ಒಟ್ಟಿಗೆ ಮಿಡಿದದ್ದನ್ನು 1994ರಲ್ಲಿ ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ ದಾಖಲಿಸಿದರು. ಪರೀಕ್ಷೆಯ ಹಿಂದಿನ ರಾತ್ರಿ ಮೂರರ ತನಕ ಓದುವವರು ಓದಿದ್ದನ್ನು ಕಟ್ಟುವ ಕೆಲಸಗಾರರಿಗೇ ರಜೆ ಕೊಡುತ್ತಿದ್ದಾರೆ.

ಮರೆವಿನ ವೇಗವನ್ನು ಮೊದಲು ಅಳೆದವರು ಹರ್ಮನ್ ಎಬ್ಬಿಂಗ್‌ಹಾಸ್, 1885ರಲ್ಲಿ. ಪ್ರಯೋಗಕ್ಕೆ ಒಳಗಾದವರೂ ಅವರೊಬ್ಬರೇ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಬೇರೆ ಬೇರೆ ಅಂತರ ಬಿಟ್ಟು ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಹಾಕಿದರು. 20 ನಿಮಿಷದ ನಂತರ 58 ಶೇಕಡಾ ಉಳಿತಾಯ, ಒಂದು ಗಂಟೆಗೆ 44, ಒಂದು ದಿನಕ್ಕೆ 34, ಒಂದು ತಿಂಗಳಿಗೆ 21. ಇಳಿತ ಮೊದಲ ಗಂಟೆಯಲ್ಲೇ ಕಡಿದು, ಆಮೇಲೆ ನಿಧಾನ. ಅರ್ಥವಿರುವ ವಿಷಯಕ್ಕೆ ಇದೇ ಅಂಕಿಗಳನ್ನು ಅಂಟಿಸುವುದು ತಪ್ಪು. ಇಳಿತದ ಆಕಾರ ಹೊಂದುತ್ತದೆ, ಶೇಕಡಾವಾರು ಹೊಂದುವುದಿಲ್ಲ.

ಮರೆವಿಗೆ ಕಾಲಕ್ಕಿಂತ ದೊಡ್ಡ ಕಾರಣ ಕಲಬೆರಕೆ. ಒಂದೇ ಬಗೆಯ ನೆನಪುಗಳು ಒಂದರ ಮೇಲೊಂದು ಬಿದ್ದು ಗೋಜಲಾಗುತ್ತವೆ. ನಿನ್ನೆ ಗಾಡಿಯನ್ನು ಗೋಣಿಕೊಪ್ಪದ ಸಂತೆಯ ಹತ್ತಿರ ಎಲ್ಲಿ ನಿಲ್ಲಿಸಿದಿರಿ ಎಂಬುದು ಮಸುಕಾಗಲು ಕಾರಣ ಅದರ ಹಿಂದಿನ ನೂರು ಸಲ ನಿಲ್ಲಿಸಿದ ನೆನಪು. ಮದುವೆಯ ದಿನ ಎಲ್ಲಿ ನಿಲ್ಲಿಸಿದಿರಿ ಎಂಬುದು ಮರೆಯುವುದಿಲ್ಲ.

ಇನ್ನು ಒಳಗಿದ್ದೂ ಬಾರದ ನೆನಪು. "ನಾಲಿಗೆ ತುದಿಯಲ್ಲೇ ಇದೆ" ಎನ್ನುವ ಸ್ಥಿತಿಯನ್ನು ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ 1966ರಲ್ಲಿ ಅಭ್ಯಾಸ ಮಾಡಿದಾಗ, ಪದ ಬಾರದಿದ್ದರೂ ಅದರ ಮೊದಲ ಅಕ್ಷರ, ಉದ್ದ ಜನರಿಗೆ ಆಗಾಗ ಸರಿಯಾಗಿಯೇ ಗೊತ್ತಿರುತ್ತಿತ್ತು. ಬಾಗಿಲಿಗೆ ಬೀಗದ ಕೈ ಬೇಕು, ಅಷ್ಟೇ. ಆ ಬೀಗದ ಕೈ ಒಂದು ವಾಸನೆಯಾಗಬಹುದು. ಬೇಸಿಗೆಯ ಹೂಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗಿ ಮಲ್ಲಿಗೆಯಂಥ ಪರಿಮಳ ಹಬ್ಬಿದಾಗ ಊರು ಬಿಟ್ಟು ಹೋದವರಿಗೂ ಹಳೆಯದೆಲ್ಲ ನುಗ್ಗಿ ಬರುತ್ತದೆ. ವಾಸನೆಯ ನರಮಾರ್ಗ ಬೇರೆ ಇಂದ್ರಿಯಗಳಂತೆ ಮಿದುಳಿನ ನಡುವಿನ ಥಲಾಮಸ್ ಎಂಬ ಭಾಗ ಹಾದು ಬರಬೇಕಿಲ್ಲ, ಭಾವನೆ ಮತ್ತು ನೆನಪಿನ ಭಾಗಗಳಿಗೆ ಹತ್ತಿರದ ದಾರಿ ಅದಕ್ಕಿದೆ. ದುಡಿ ಬಡಿಯುತ್ತಾ ಕೊಡವರ ಬಾಳೊಪಾಟ್ ಹಾಡುವವರು ಉದ್ದುದ್ದ ಹಾಡುಗಳನ್ನು ಹೊತ್ತೊಯ್ಯುವುದೂ ಇಂಥ ಸುಳಿವುಗಳ ಮೇಲೆಯೇ. ಲಯ ಮುಂದಿನ ಪದದ ಅಳತೆ ಹೇಳುತ್ತದೆ, ಮರಳಿ ಬರುವ ಸಾಲು ಉಸಿರು ಕೊಡುತ್ತದೆ, ಒಂದು ಜೋಡಿ ಹೇಳಿದ್ದನ್ನು ಇನ್ನೊಂದು ಜೋಡಿ ಎತ್ತಿಕೊಳ್ಳುವಷ್ಟರಲ್ಲಿ ಮುಂದಿನ ಸಾಲಿಗೆ ಬಿಡುವು ಸಿಗುತ್ತದೆ. ಮಧ್ಯದ ಒಂದು ಸಾಲು ಮಾತ್ರ ಹೇಳಿ ಎಂದರೆ ಅವರೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಹೊರಗೆ ಬಂದ ನೆನಪು ಮೂಲ ಪ್ರತಿ ಎಂದು ನಂಬಬೇಡಿ. ಪ್ರತಿ ಸಲವೂ ಅದನ್ನು ಚೂರುಗಳಿಂದ ಮತ್ತೆ ಕಟ್ಟುತ್ತೇವೆ, ಕಟ್ಟುವಾಗ ಕೈಗೆ ಸಿಕ್ಕ ಬೇರೆ ಮಣ್ಣೂ ಸೇರುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಚಿತ್ರ ತೋರಿಸಿ ವೇಗ ಎಷ್ಟಿತ್ತು ಎಂದು ಕೇಳಿದರು. ಕಾರುಗಳು "ಅಪ್ಪಳಿಸಿದಾಗ" ಎಂಬರ್ಥದ ಪದ ಬಳಸಿದರೆ ಸರಾಸರಿ ಗಂಟೆಗೆ 40.5 ಮೈಲಿ, "ತಾಗಿದಾಗ" ಎಂದರೆ 31.8. ಅವರ ಎರಡನೆಯ ಪ್ರಯೋಗದಲ್ಲಿ ವಾರ ಬಿಟ್ಟು ಒಡೆದ ಗಾಜು ಕಂಡಿರಾ ಎಂದಾಗ, "ಅಪ್ಪಳಿಸಿದ" ಗುಂಪಿನ 50 ಜನರಲ್ಲಿ 16 ಮಂದಿ ಹೌದು ಎಂದರು, "ಗುದ್ದಿದ" ಗುಂಪಿನಲ್ಲಿ 7. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ.

ಆಘಾತದ ನೆನಪು ಕಲ್ಲಿನಲ್ಲಿ ಕೊರೆದಂತೆ ಇರುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. 1986ರ ಜನವರಿಯಲ್ಲಿ ಚಾಲೆಂಜರ್ ಗಗನನೌಕೆ ಸಿಡಿದ ಮರುದಿನವೇ ಉಲ್ರಿಕ್ ನೈಸರ್ ವಿದ್ಯಾರ್ಥಿಗಳಿಂದ, ಸುದ್ದಿ ಎಲ್ಲಿ ಹೇಗೆ ಕೇಳಿದಿರಿ ಎಂದು ಬರೆಸಿಟ್ಟುಕೊಂಡರು. ಎರಡೂವರೆ ವರ್ಷದ ನಂತರ 44 ಜನರನ್ನು ಮತ್ತೆ ಕೇಳಿದಾಗ 11 ಮಂದಿ ಹೇಳಿದ್ದು ಪೂರ್ತಿ ತಪ್ಪು, ಅದರಲ್ಲೂ ಹಲವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ದಿನ ಎಲ್ಲಿದ್ದಿರಿ ಎಂದು ಕೊಡಗಿನಲ್ಲಿ ಕೇಳಿದರೆ ಪ್ರತಿ ಮನೆಯಲ್ಲೂ ಸ್ಪಷ್ಟ ಉತ್ತರ ಸಿಗುತ್ತದೆ. ಘಟನೆ ನಿಜ, ಭಾವನೆ ನಿಜ. ಗಂಟೆ ಎಷ್ಟು, ಯಾರು ಮೊದಲು ಫೋನ್ ಮಾಡಿದರು ಎಂಬ ವಿವರಗಳು ಆಮೇಲೆ ಟಿವಿಯಲ್ಲಿ ಕಂಡದ್ದು, ಪಕ್ಕದ ಮನೆಯವರು ಹೇಳಿದ್ದು ಸೇರಿ ಬದಲಾಗಿರಬಹುದು. ಹಾಗಾಗಿ ಮಳೆಹಾನಿಯ ಅರ್ಜಿಗೆ ಬೇಕಾದ್ದನ್ನು ಅದೇ ದಿನ ಬರೆದು, ಫೋಟೋ ತೆಗೆದಿಡುವುದು ಒಳ್ಳೆಯದು. ಬೇರೆಯವರ ಜೊತೆ ಮಾತಾಡುವ ಮೊದಲು ಬರೆದರೆ ಇನ್ನೂ ಒಳ್ಳೆಯದು.

ಓದುವ ಮಕ್ಕಳಿಗೆ ಇದರಿಂದ ಸಿಗುವ ಲಾಭ ಒಂದೇ ಪ್ರಯೋಗದಲ್ಲಿದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಒಂದು ಪಾಠವನ್ನು ಒಂದು ಗುಂಪಿಗೆ ಎರಡು ಸಲ ಓದಿಸಿದರು, ಇನ್ನೊಂದಕ್ಕೆ ಒಮ್ಮೆ ಓದಿಸಿ, ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆಸಿದರು. ಐದು ನಿಮಿಷದ ನಂತರ ಓದಿದವರೇ ಮುಂದು, 81ಕ್ಕೆ 75. ವಾರದ ನಂತರ ತಿರುವುಮುರುವು: ಓದಿದವರು 42, ಬರೆದವರು 56 ಶೇಕಡಾ. ಮತ್ತೆ ಓದುವಾಗ ಎಲ್ಲ ಪರಿಚಿತವಾಗಿ ಕಾಣುತ್ತದೆ, ಆ ಪರಿಚಯವನ್ನೇ ಹುಡುಗ "ಬರುತ್ತೆ" ಎಂದುಕೊಂಡಿರುತ್ತಾನೆ. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಹತ್ತು ನಿಮಿಷ ಬರೆದು, ತೆರೆದು, ಬಿಟ್ಟುಹೋದದ್ದನ್ನು ಮಾತ್ರ ಕೆಂಪು ಪೆನ್ನಿನಲ್ಲಿ ತುಂಬಬೇಕು. ಎರಡನೆಯ ಸಲ ಯಾವಾಗ ಎಂಬುದು ಪರೀಕ್ಷೆ ಎಷ್ಟು ದೂರವಿದೆ ಎಂಬುದರ ಮೇಲಿದೆ. ನಿಕೋಲಸ್ ಸೆಪೆಡಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಎರಡನೆಯ ಓದಿನ ನಂತರ ಒಂದು ವಾರಕ್ಕೆ ಪರೀಕ್ಷೆಯಾದರೆ ಎರಡು ಓದುಗಳ ನಡುವೆ ಒಂದು ದಿನ, 35 ದಿನಕ್ಕಾದರೆ ಸುಮಾರು 11 ದಿನ, 70 ದಿನಕ್ಕಾದರೆ ಸುಮಾರು 21 ದಿನದ ಅಂತರ ಒಳ್ಳೆಯ ಫಲ ಕೊಟ್ಟಿತು.

ಕೊನೆಯದಾಗಿ, ಮುಂದೆ ಮಾಡಬೇಕಾದ್ದನ್ನು ನೆನಪಿಡುವುದು. ಇದು ಕಷ್ಟ, ಏಕೆಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ನಮಗೆ ನಾವೇ ಸರಿಯಾದ ಹೊತ್ತಿಗೆ ಕೇಳಿಕೊಳ್ಳಬೇಕು. ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ಹಾಕಿದವರು "ಮೂರು ಗಂಟೆಗೆ ಪೈಪ್ ಬದಲಾಯಿಸಬೇಕು" ಎಂದುಕೊಂಡರೆ ಅರ್ಧ ಸಲ ನಾಲ್ಕಾಗಿರುತ್ತದೆ. ಗಡಿಯಾರಕ್ಕಿಂತ ಘಟನೆಗೆ ಕಟ್ಟಿದ ನೆನಪು ಗಟ್ಟಿ. "ಚಹಾದ ಲೋಟ ಕೆಳಗಿಟ್ಟ ಕೂಡಲೇ ಮೋಟಾರ್ ಆಫ್ ಮಾಡಿ ಪೈಪ್ ಎತ್ತುತ್ತೇನೆ" ಎಂದು ಒಮ್ಮೆ ಬಾಯಿಬಿಟ್ಟು ಹೇಳಿಕೊಂಡು, ಗೇಟ್‌ವಾಲ್ವಿನ ಚಾವಿಯನ್ನು ಆ ಲೋಟದ ಪಕ್ಕದಲ್ಲೇ ಇಟ್ಟರೆ ಸಾಕು.